ದಿನಾ ಒಗೀಬೇಕಾ, ವಾರಕ್ಕೊಮ್ಮೆ ಸಾಕಾ?

ಈ ಸಲದ ಅಂಚೆಯಲ್ಲಿ ಕಲೆಯ ಪ್ರಶ್ನೆಗಳು ಕಡಿಮೆ, ಲೆಕ್ಕದ ಪ್ರಶ್ನೆಗಳು ಜಾಸ್ತಿ. ಎಷ್ಟು ದಿನಕ್ಕೊಮ್ಮೆ ಒಗೀಬೇಕು ಅಂತ ಎಲ್ಲರೂ ಕೇಳಿದ್ದಾರೆ. ಹೊಸ ಓದುಗರಿಗಾಗಿ ಒಂದು ಮಾತು: ನಾನು ಶಿವಮೊಗ್ಗದ ಮಡಿವಾಳರ ಮನೆಯವನು. ತುಂಗೆಯ ಕಲ್ಲಿನ ಮೇಲೆ ಅಪ್ಪನ ಜೊತೆ ಒಗೆತ ಕಲಿತು, ಈಗ ಅದೇ ಊರಲ್ಲಿ ಲಾಂಡ್ರಿ ಅಂಗಡಿ ನಡೆಸುತ್ತೇನೆ. ಜನ ಜಾಸ್ತಿ ಒಗೆದಷ್ಟೂ ನನಗೆ ಲಾಭ. ಆದರೂ ಕೆಳಗಿನ ಉತ್ತರಗಳಲ್ಲಿ ‘ಕಡಿಮೆ ಒಗೆಯಿರಿ’ ಅಂತಲೇ ಹೆಚ್ಚು ಕಡೆ ಬರೆದಿದ್ದೇನೆ.

ನನ್ನ ತವರು ಕುಮಟಾ. ಅಲ್ಲಿ ದಿನಾ ಸ್ನಾನ ಮುಗಿದ ಕೂಡಲೇ ಬಟ್ಟೆ ಒಗೆದು ಒಣಹಾಕುವ ರೂಢಿ. ಮದುವೆಯಾಗಿ ಬಂದ ಮನೆಯಲ್ಲಿ ಭಾನುವಾರಕ್ಕೊಮ್ಮೆ ಮೆಷಿನ್ ಹಾಕುತ್ತಾರೆ. ವಾರವಿಡೀ ಕೊಳೆ ಬಟ್ಟೆ ಬುಟ್ಟಿಯಲ್ಲಿ ಕೂತಿರುತ್ತದೆ. ಹೇಳಿದರೆ ಅತ್ತೆ ‘ನಿಮ್ಮ ಕಡೆಯವರಿಗೆ ನೀರಿನ ಬೆಲೆ ಗೊತ್ತಿಲ್ಲ’ ಅನ್ನುತ್ತಾರೆ. ಯಾರು ಸರಿ?
— ಹೊಸ ಸೊಸೆ, ಚಿತ್ರದುರ್ಗ

ನಿಮ್ಮ ತಾಯಿ ಕುಮಟಾದಲ್ಲಿ ಸರಿ, ನಿಮ್ಮ ಅತ್ತೆ ಚಿತ್ರದುರ್ಗದಲ್ಲಿ ಮುಕ್ಕಾಲು ಪಾಲು ಸರಿ.

ಕರಾವಳಿಯಲ್ಲಿ ಸುಮ್ನೆ ಕೂತರೂ ಬೆವರು. ಗಾಳಿಯಲ್ಲಿ ತೇವ. ಬೆವರಿದ ಬಟ್ಟೆಯನ್ನು ಅಲ್ಲಿ ಬುಟ್ಟಿಯಲ್ಲಿ ನಾಲ್ಕು ದಿನ ತುರುಕಿಟ್ಟರೆ ಕರಿ ಚುಕ್ಕೆ ಕೂರುತ್ತದೆ. ಅದು ಬೂಷ್ಟು. ನೂಲಿನೊಳಗೆ ಬೇರು ಬಿಟ್ಟ ಮೇಲೆ ಯಾವ ಸೋಪಿಗೂ ಜಗ್ಗುವುದಿಲ್ಲ. ಹಾಗಾಗಿ ಅಲ್ಲಿಯವರು ದಿನಾ ಒಗೆಯುತ್ತಾರೆ. ಬಾವಿಯಲ್ಲಿ ನೀರೂ ಇರುತ್ತದೆ. ಚಿತ್ರದುರ್ಗದ ಗಾಳಿ ಒಣ. ಬೆವರು ಬಟ್ಟೆಯಲ್ಲೇ ಆರಿಹೋಗುತ್ತದೆ. ಅಲ್ಲಿ ಕೊರತೆ ಇರುವುದು ನೀರಿಗೆ.

ವಾರಕ್ಕೊಮ್ಮೆ ಅನ್ನುವುದೂ ಸೋಮಾರಿಗಳು ಹುಟ್ಟಿಸಿದ ಪದ್ಧತಿಯಲ್ಲ. ಹಳ್ಳಿಯಲ್ಲಿ ನಮ್ಮ ಹಿರಿಯರು ಮನೆಮನೆಗೆ ಹೋಗಿ ಬಟ್ಟೆ ಗಂಟು ಕಟ್ಟಿ ತರುತ್ತಿದ್ದದ್ದು ವಾರಕ್ಕೊಮ್ಮೆ. ಕೂಲಿ ದುಡ್ಡಲ್ಲಿ ಇರಲಿಲ್ಲ. ಸುಗ್ಗಿ ಕಾಲದಲ್ಲಿ ಕಣಕ್ಕೆ ಹೋಗಿ ಆಯ, ಅಂದರೆ ನಮ್ಮ ಪಾಲಿನ ಧಾನ್ಯ, ತಗೊಂಡು ಬರಬೇಕು, ಅಷ್ಟೇ. ತಂದ ಬಟ್ಟೆಯನ್ನು ಮೊದಲು ಚೌಳು ಮಣ್ಣಿನ ನೀರಲ್ಲಿ ಅದ್ದುವುದು. ಆಮೇಲೆ ನೀರು ಕುದಿಯುವ ದೊಡ್ಡ ಮಡಕೆಯ ಬಾಯಿ ಮೇಲೆ ಸುತ್ತಲೂ ಪೇರಿಸಿ ರಾತ್ರಿಯಿಡೀ ಹಬೆ ಕೊಡುವುದು. ಅದೇ ಉಬ್ಬೆ. ಅಷ್ಟು ಬಿಸಿಗೆ ಹೇನು, ಕೂರೆ ಏನೂ ಉಳಿಯುತ್ತಿರಲಿಲ್ಲ. ಬೆಳಗ್ಗೆ ಹೊಳೆಯ ಕಲ್ಲಿನ ಮೇಲೆ ಬಡಿದು ಸೆಳೆಯುವುದು. ಬಿಳಿ ಬಟ್ಟೆಗೆ ನೀಲಿ, ಗಂಜಿ. ಯಾರದು ಯಾವುದು ಅಂತ ಗೊತ್ತಾಗಲು ಅಂಚಿಗೆ ಕೇರುಬೀಜದ ರಸದಲ್ಲಿ ಒಂದು ಗುರುತು. ಅದರ ಮೇಲೆ ಸುಣ್ಣ ತಾಗಿಸಿದರೆ ಕಪ್ಪಗೆ ಕೂರುತ್ತಿತ್ತು. ಬಟ್ಟೆ ಹರಿದರೂ ಆ ಗುರುತು ಹೋಗುತ್ತಿರಲಿಲ್ಲ. ಇಷ್ಟೆಲ್ಲ ಕೆಲಸ ದಿನಾ ಮಾಡಲು ಯಾರಿಂದ ಆಗುತ್ತದೆ? ದಿನದ ಒಳಬಟ್ಟೆಯನ್ನು ಮಾತ್ರ ಅವರವರೇ ಸ್ನಾನದ ಜೊತೆ ಹಿಂಡಿ ಹಾಕಿಕೊಳ್ಳುತ್ತಿದ್ದರು.

ಈಗಲೂ ಆ ವಿಂಗಡಣೆಯೇ ಸರಿ. ಒಳಬಟ್ಟೆ, ಸಾಕ್ಸ್, ಮೈಗಂಟಿಕೊಳ್ಳುವ ಬನಿಯನ್ ಒಂದು ಸಲ ಹಾಕಿದ ಮೇಲೆ ಒಗೆಯಲೇಬೇಕು. ಬೆವರು ಬಂದ ಶರ್ಟು, ಕುರ್ತಾ, ರವಿಕೆ ಕೂಡ ಅಷ್ಟೇ. ಎರಡು ಗಂಟೆ ಸಂತೆಗೆ ಉಟ್ಟು ಹೋಗಿ ಬಂದ ಸೀರೆಯನ್ನು ಯಾಕೆ ನೀರಿಗೆ ಹಾಕುತ್ತೀರಿ? ಗಾಳಿಗೆ ಹರವಿ ಮಡಚಿಡಿ. ಪ್ಯಾಂಟಿಗೆ ಮೂರ್ನಾಲ್ಕು ದಿನ ಏನೂ ಆಗುವುದಿಲ್ಲ. ಮೈ ಒರೆಸುವ ಟವೆಲ್ ಪೂರ್ತಿ ಒಣಗುತ್ತಿದ್ದರೆ ಮೂರು ದಿನಕ್ಕೊಮ್ಮೆ, ಒಣಗದಿದ್ದರೆ ದಿನಾ.

ನಮ್ಮ ಜನ ಮರೆಯುವುದು ದಿಂಬಿನ ಕವರನ್ನು. ಬೇರೆ ಬೇರೆ ಮನೆಗಳಿಂದ ನನ್ನ ಅಂಗಡಿಗೆ ಬರುವ ಬಟ್ಟೆ ನೋಡಿ ಹೇಳುತ್ತಿದ್ದೇನೆ. ಶರ್ಟು ಘಮಘಮ ಅನ್ನುತ್ತಿರುತ್ತದೆ, ದಿಂಬಿನ ಕವರಿನ ನಡುವೆ ತಲೆಯೆಣ್ಣೆಯ ಹಳದಿ ವೃತ್ತ. ದಿನಕ್ಕೆ ಏಳೆಂಟು ಗಂಟೆ ಮುಖ ಇಡುವ ಜಾಗ ಅದು. ಅದನ್ನು ವಾರಕ್ಕೊಮ್ಮೆ ತೆಗೆಯಿರಿ. ಬೆಡ್‌ಶೀಟಿಗೆ ಹತ್ತು ಹದಿನೈದು ದಿನ ಆದರೂ ನಡೆಯುತ್ತದೆ, ಸೆಖೆಗಾಲದಲ್ಲಿ ವಾರ. ಅಡುಗೆಮನೆಯ ಒರೆಸುವ ಬಟ್ಟೆ ಮಾತ್ರ ದಿನಾ. ಅದರಲ್ಲಿ ಯಾವ ರಿಯಾಯ್ತಿಯೂ ಇಲ್ಲ.

ಇನ್ನು ಲೆಕ್ಕ. ಶರ್ಟು ಒಂದು ಕಾಲು ಕೆಜಿ, ಹತ್ತಿ ಸೀರೆ ಅರ್ಧ ಕೆಜಿ, ಜೀನ್ಸ್ ಮುಕ್ಕಾಲು ಕೆಜಿ ಅಂತ ಇಟ್ಟುಕೊಳ್ಳಿ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಹೆಚ್ಚುಕಮ್ಮಿ ಎರಡು ಕೆಜಿ ಬಟ್ಟೆ ಬೀಳುತ್ತದೆ. ಏಳು ಕೆಜಿ ಮೆಷಿನ್ನನ್ನು ಕತ್ತಿನವರೆಗೆ ತುರುಕಬಾರದು, ಬಟ್ಟೆ ಹೊರಳಲು ಜಾಗ ಬೇಕು. ಹಾಗಾದರೆ ಐದೂವರೆ ಕೆಜಿ. ಅಂದರೆ ಎರಡು ಮೂರು ದಿನಕ್ಕೆ ಒಂದು ಸಲ. ಭಾನುವಾರದ ಜೊತೆ ಮಂಗಳವಾರ, ಶುಕ್ರವಾರವೂ ಒಂದೊಂದು ಸಲ ಹಾಕೋಣ ಅಂತ ಅತ್ತೆಗೆ ಹೇಳಿ. ಭಾನುವಾರವೇ ಎಲ್ಲ ಮುಗಿಸಬೇಕೆಂದರೂ ಮೂರು ಸಲ ಮೆಷಿನ್ ಓಡಿಸಲೇಬೇಕು, ಆಗ ಉಳಿಯುವ ನೀರು ಅಷ್ಟರಲ್ಲೇ ಇದೆ. ಒಂದೇ ಸಲಕ್ಕೆ ಹದಿನಾಲ್ಕು ಕೆಜಿ ತುರುಕುತ್ತಿದ್ದರೆ, ಅದನ್ನು ಒಗೆಯೋದು ಅನ್ನಲ್ಲ, ನೆನೆಸೋದು ಅಂತಾರೆ. ಬುಟ್ಟಿ ತೂತಿರುವುದು ಇರಲಿ, ಒದ್ದೆ ಟವೆಲ್ ಅದರೊಳಗೆ ಹೋಗದಿರಲಿ.

ಒಂದು ದಿನ ಹಾಕಿದ ಅಂಗಿಯನ್ನು ನಮ್ಮ ಮನೆಯಲ್ಲಿ ಯಾರೂ ಮತ್ತೆ ಮುಟ್ಟುವುದಿಲ್ಲ. ದಿನಾ ಒಗೆದರೆ ಬಟ್ಟೆ ಬೇಗ ಹಾಳಾಗುತ್ತದೆ ಅನ್ನುವುದು ನಿಜವೇ?
— ಗೃಹಿಣಿ, ಹಾಸನ

ನಿಜ. ಮೆಷಿನ್ನಿನ ಫಿಲ್ಟರ್ ಬಿಚ್ಚಿ ನೋಡಿ. ಒಳಗೆ ಬೂದು ಬಣ್ಣದ ಹಿಂಜಿದ ಹತ್ತಿಯಂಥದ್ದು ಸಿಗುತ್ತದೆ. ಎಲ್ಲರೂ ಅದನ್ನು ಕೊಳೆ ಅಂದುಕೊಂಡು ಬಿಸಾಡುತ್ತಾರೆ. ಅದು ನಿಮ್ಮ ಬಟ್ಟೆಯ ನೂಲು. ಪ್ರತಿ ಒಗೆತಕ್ಕೂ ಅಷ್ಟಷ್ಟು ಸವೆಯುತ್ತದೆ.

ನಮ್ಮ ಅಪಾರ್ಟ್‌ಮೆಂಟಿಗೆ ಬೇಸಿಗೆ ಬಂತೆಂದರೆ ಟ್ಯಾಂಕರ್ ನೀರೇ ಗತಿ. ಮೆಷಿನ್ ದಿನಾ ಹಾಕಬೇಡಿ ಅಂತ ಅಸೋಸಿಯೇಷನ್‌ನವರು ನೋಟಿಸ್ ಹಚ್ಚಿದ್ದಾರೆ. ಕೈಯಲ್ಲಿ ಒಗೆದರೆ ನೀರು ಉಳಿಯುತ್ತದೆಯೇ? ಒಗೆದ ಬಟ್ಟೆಯೂ ಬಿರುಸಾಗಿ, ಮಾಸಲು ಮಾಸಲಾಗಿ ಕಾಣುತ್ತದೆ.
— ಓದುಗರು, ವೈಟ್‌ಫೀಲ್ಡ್, ಬೆಂಗಳೂರು

2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಬೆಂಗಳೂರಿನವರು ಪಟ್ಟ ಪಾಡು ನೋಡಿದ ಮೇಲೆ ಆ ನೋಟಿಸಿಗೆ ಸಿಟ್ಟಾಗಬೇಡಿ. ಮುಂದಿನಿಂದ ಬಾಗಿಲು ತೆಗೆಯುವ ಮೆಷಿನ್ ಒಂದು ಸಲಕ್ಕೆ ಐವತ್ತು ಅರವತ್ತು ಲೀಟರ್ ಕುಡಿಯುತ್ತದೆ. ಮೇಲಿನಿಂದ ಹಾಕುವುದು ನೂರು ದಾಟುತ್ತದೆ. ಮಾಡೆಲ್ ಮೇಲೆ ಹೆಚ್ಚುಕಮ್ಮಿ ಇದ್ದದ್ದೇ. ಅರ್ಧ ತುಂಬಿಸಿ ಓಡಿಸಿದರೆ ನೀರೂ ಅರ್ಧ ಆಗುತ್ತದೆ ಅಂದುಕೊಂಡಿದ್ದರೆ ಅದು ತಪ್ಪು ಲೆಕ್ಕ. ಆದ್ದರಿಂದ ಪೂರಾ ಬಟ್ಟೆ ಸೇರಿದ ಮೇಲೆಯೇ ಹಾಕಿ.

ಕೈ ಒಗೆತ ಅಂದರೆ ನೀರು ಉಳಿತಾಯ ಅಂತ ಇಲ್ಲ. ನಲ್ಲಿ ಬಿಟ್ಟುಕೊಂಡು ಜಾಲಿಸುವವರು ಮೆಷಿನ್ನನ್ನೂ ಮೀರಿಸುತ್ತಾರೆ. ಮೂರು ಬಕೆಟ್ ಸಾಲಾಗಿ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಸೋಪು, ಉಳಿದ ಎರಡರಲ್ಲಿ ಜಾಲಿಸುವುದು. ಬಿಳಿ ಮೊದಲು, ಬಣ್ಣದ್ದು ಆಮೇಲೆ, ಕಾಲೊರೆಸು ಕೊನೆಗೆ. ಎಲ್ಲಕ್ಕೂ ಅದೇ ನೀರು. ಮೆಷಿನ್ ಆದರೆ ಪೈಪಿನ ತುದಿಗೆ ಬಕೆಟ್ ಇಟ್ಟು ಕೊನೆಯ ಜಾಲಿಸಿದ ನೀರು ಹಿಡಿದುಕೊಳ್ಳಿ. ಟಾಯ್ಲೆಟ್ಟಿಗೆ, ನೆಲ ಒರೆಸಲು, ಬೈಕ್ ತೊಳೆಯಲು ಸಾಕು.

ಮಾಸಲು ಬಣ್ಣಕ್ಕೆ ಕಾರಣ ಬೋರ್‌ವೆಲ್ ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಬಾರ್ ಸೋಪು ಅವುಗಳ ಜೊತೆ ಸೇರಿ ಕರಗದ ಕೆನೆಯಾಗುತ್ತದೆ. ಬಕೆಟ್ಟಿನ ಒಳಗೆ ಬೆರಳಾಡಿಸಿದರೆ ಜಿಡ್ಡುಜಿಡ್ಡಾಗಿ ಸಿಗುತ್ತದಲ್ಲ, ಅದೇ. ಬಟ್ಟೆಯ ಮೇಲೂ ಕೂರುತ್ತದೆ. ಕೋಲಾರ, ತುಮಕೂರು ಕಡೆಯವರೂ ಇದನ್ನೇ ಬರೆಯುತ್ತಾರೆ. ಗಡಸು ನೀರಿಗೆ ಡಿಟರ್ಜೆಂಟ್ ಪುಡಿ ಅಥವಾ ಲಿಕ್ವಿಡ್ ವಾಸಿ. ನೊರೆ ಬರಲಿಲ್ಲ ಅಂತ ಮುಷ್ಟಿ ಮುಷ್ಟಿ ಸುರಿಯಬೇಡಿ. ಜಾಲಿಸಲು ಮತ್ತೆರಡು ಬಕೆಟ್ ನೀರು ಹೋಗುತ್ತದೆ, ಅರ್ಧಂಬರ್ಧ ಜಾಲಿಸಿದ ಬಟ್ಟೆ ಮೈಗೆ ತುರಿಕೆ. ಪುಡಿ ಹಾಕುವ ಮೊದಲು ಎರಡು ಚಮಚ ವಾಷಿಂಗ್ ಸೋಡಾ ಹಾಕಿ, ನೀರು ಮೆತ್ತಗಾಗುತ್ತದೆ. ರೇಷ್ಮೆಗೆ, ಉಣ್ಣೆಗೆ ಮಾತ್ರ ಸೋಡಾ ತಾಗಿಸಬೇಡಿ.

ಹಾಸ್ಟೆಲ್ ವಿದ್ಯಾರ್ಥಿ. ಜೀನ್ಸ್ ಎಷ್ಟು ದಿನಕ್ಕೊಮ್ಮೆ ಒಗೆಯಬೇಕು? ಒಗೆಯಲೇಬಾರದು ಅಂತ ಗೆಳೆಯನೊಬ್ಬ ಹೇಳುತ್ತಾನೆ.
— ಧಾರವಾಡ

ಎಂಟು ಹತ್ತು ಸಲ ಹಾಕಿದ ಮೇಲೆ, ಒಳಮಗ್ಗಲು ಹೊರಗೆ ಮಾಡಿ, ತಣ್ಣೀರಲ್ಲಿ. ಗೆಳೆಯನ ಪಕ್ಕ ಬಸ್ಸಿನಲ್ಲಿ ಕೂತವರನ್ನೂ ಒಂದು ಮಾತು ಕೇಳಿ ನೋಡಿ.

ಆರಿದ್ರಾ ಮಳೆ ಹಿಡಿದರೆ ನಮ್ಮಲ್ಲಿ ಬಿಸಿಲಿನ ಮುಖವೇ ಇಲ್ಲ. ಒಗೆದ ಬಟ್ಟೆ ಮೂರು ದಿನವಾದರೂ ಹಸಿ. ಒಣಗಿದ ಮೇಲೂ ಒಂದು ಥರಾ ಕಮಟು ವಾಸನೆ. ಮಳೆಗಾಲದಲ್ಲಿ ಒಗೆಯುವುದನ್ನೇ ಕಡಿಮೆ ಮಾಡಬೇಕೇ?
— ಗೃಹಿಣಿ, ಕೊಪ್ಪ

ದೊಡ್ಡದನ್ನು ಕಡಿಮೆ ಮಾಡಿ, ಚಿಕ್ಕದನ್ನು ಜಾಸ್ತಿ ಮಾಡಿ. ಬೇಸಿಗೆಯ ಲೆಕ್ಕ ಈಗ ನಡೆಯುವುದಿಲ್ಲ. ಮನೆಯಲ್ಲಿ ಒಂದು ಸಲಕ್ಕೆ ಎಷ್ಟು ಬಟ್ಟೆಯನ್ನು ಬಿಡಿಬಿಡಿಯಾಗಿ ನೇತುಹಾಕಬಹುದೋ ಅಷ್ಟನ್ನೇ ಒಗೆಯಿರಿ. ಮಳೆಗಾಲದಲ್ಲಿ ಒಗೆತದ ಲೆಕ್ಕ ಹಗ್ಗದಿಂದ ಶುರುವಾಗಬೇಕು, ಬುಟ್ಟಿಯಿಂದಲ್ಲ. ದಿನ ಬಿಟ್ಟು ದಿನ ಎಂಟು ಹತ್ತು ಬಟ್ಟೆ ಸಾಕು. ಬೆಡ್‌ಶೀಟು, ಹೊದಿಕೆ ಎಲ್ಲ ಹೊಳವಾಗುವವರೆಗೆ ಕಾಯಲಿ. ಪುನರ್ವಸು, ಪುಷ್ಯದ ನಡುವೆಯೂ ಅರ್ಧ ದಿನ ಬಿಸಿಲು ಬಂದೇ ಬರುತ್ತದೆ. ಆಗ ಬೇರೆ ಕೆಲಸ ಬಿಟ್ಟು ಅದನ್ನು ಮಾಡಿ.

ಆ ವಾಸನೆಗೆ ಕಾರಣ ಬ್ಯಾಕ್ಟೀರಿಯಾ. ಮೊರಾಕ್ಸೆಲ್ಲಾ ಅಂತ ಅದರ ಹೆಸರು. ನಿಧಾನವಾಗಿ ಒಣಗುವ ಬಟ್ಟೆಯಲ್ಲಿ ಉಳಿದ ಬೆವರು, ಎಣ್ಣೆಯನ್ನು ತಿಂದು ನಾತ ಬಿಡುತ್ತದೆ. ಒಣಗಿದ ಮೇಲೂ ಸಾಯುವುದಿಲ್ಲ. ಮತ್ತೆ ಮೈಬೆವರು ತಾಗಿದರೆ ಹತ್ತು ನಿಮಿಷದಲ್ಲಿ ಬಸ್ಸಿನಲ್ಲೇ ವಾಸನೆ ಶುರು. ಅದರ ಮೇಲೆ ಸೆಂಟಿನ ಕಂಫರ್ಟ್ ಸುರಿದರೆ ಎರಡು ವಾಸನೆ ಆಗುತ್ತದೆ ಅಷ್ಟೇ. ಟವೆಲ್ಲಿಗೆ ಅದನ್ನು ಹಾಕಲೇಬೇಡಿ, ನೀರು ಹೀರುವ ಗುಣ ಹೋಗುತ್ತದೆ.

ನಿಮ್ಮ ಕಡೆ ಬಚ್ಚಲಲ್ಲಿ ಹಂಡೆ ಒಲೆ ಇನ್ನೂ ಇರುತ್ತದೆ. ಅಡಿಕೆ ಹಾಳೆ, ತೆಂಗಿನ ಗರಿ ಉರಿಸುವ ಆ ಒಲೆ ನನ್ನ ಲಾಂಡ್ರಿಯ ಡ್ರೈಯರಿಗಿಂತ ಒಳ್ಳೆಯದು. ವಾಸನೆ ಹಿಡಿದ ಟವೆಲ್, ಬನಿಯನ್‌ಗಳನ್ನು ಹಂಡೆಯ ಕುದಿಯುವ ನೀರಲ್ಲಿ ಅರ್ಧ ಗಂಟೆ ಮುಳುಗಿಸಿ, ಆಮೇಲೆ ಒಗೆಯಿರಿ. ಹಿಂಡಿದ ಬಟ್ಟೆಯನ್ನು ಒಲೆಯ ಮೇಲಿನ ಗಳುವಿಗೆ ಹಾಕುವ ಮೊದಲು ಹಜಾರದಲ್ಲಿ ಫ್ಯಾನಿನ ಕೆಳಗೆ ಎರಡು ಗಂಟೆ ಬಿಡಿ. ಹಸಿಹಸಿಯಾಗಿ ಗಳುವಿಗೆ ಹೋದರೆ ಹೊಗೆ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಮೆಷಿನ್ ಇದ್ದರೆ ಸ್ಪಿನ್ ಎರಡು ಸಲ ಕೊಡಿ. ಕರೆಂಟ್ ಹೋಗಿ ಬಟ್ಟೆ ಮೆಷಿನ್ನಿನಲ್ಲೇ ರಾತ್ರಿ ಕಳೆದರೆ ಮತ್ತೆ ಒಗೆಯದೆ ಬೇರೆ ದಾರಿ ಇಲ್ಲ.

ಒಂದು ಮಾತು ಬಿಟ್ಟುಹೋಗುತ್ತಿತ್ತು. ಮುಟ್ಟಿನ ಬಟ್ಟೆ ಬಳಸುವವರು ಅದನ್ನು ಮಳೆಗಾಲದಲ್ಲಿ ಸೀರೆಯ ಅಡಿಯಲ್ಲಿ ಬಚ್ಚಿಟ್ಟು ಒಣಗಿಸುತ್ತಾರೆ. ದಯವಿಟ್ಟು ಬೇಡ. ತಣ್ಣೀರಲ್ಲಿ ಮೊದಲು ರಕ್ತ ಬಿಡಿಸಿ, ಸೋಪಲ್ಲಿ ಒಗೆದು, ಎಲ್ಲಕ್ಕಿಂತ ಮೊದಲು ಅದಕ್ಕೆ ಒಲೆಯ ಹತ್ತಿರದ ಜಾಗ ಕೊಡಿ. ಬಿಸಿನೀರು ಮೊದಲೇ ಹಾಕಿದರೆ ರಕ್ತದ ಕಲೆ ಗಟ್ಟಿ ಕೂರುತ್ತದೆ. ಬಿಸಿಲು ಬಂದ ದಿನ ಎಲ್ಲರ ಎದುರಿಗೇ ಹಗ್ಗದ ಮೇಲೆ ಹಾಕಿ. ನೋಡಿದವರು ನೋಡಲಿ.

ಮಗಳ ಅರಿಶಿನ ಶಾಸ್ತ್ರದಲ್ಲಿ ನಮ್ಮವರ ಬಿಳಿ ಪಂಚೆಗೆ ಅರಿಶಿನ ಬಿತ್ತು. ಸೋಪು ಹಚ್ಚಿ ಉಜ್ಜಿದೆ, ಕೆಂಪಗಾಯಿತು! ಕುಂಕುಮವೂ ಸೇರಿತ್ತೇನೋ ಅಂತ ಮತ್ತೆ ಮತ್ತೆ ಒಗೆದೆ. ಎಷ್ಟು ಸಲ ಒಗೆದರೆ ಹೋಗುತ್ತದೆ?
— ಓದುಗರು, ಕಲಬುರಗಿ

ಒಗೆಯುವುದನ್ನು ನಿಲ್ಲಿಸಿದರೆ ಹೋಗುತ್ತದೆ. ಕುಂಕುಮದ ತಪ್ಪೇನೂ ಇಲ್ಲ. ಅರಿಶಿನಕ್ಕೆ ಸೋಪಿನ ಕ್ಷಾರ ತಾಗಿದರೆ ಕೆಂಪಾಗುವುದು ಅದರ ಗುಣ. ಆರತಿಯ ಓಕುಳಿ ನೀರಿಗೆ ಅರಿಶಿನ, ಸುಣ್ಣ ಸೇರಿಸಿ ಕೆಂಪು ಮಾಡುತ್ತೀರಲ್ಲ, ನಿಮ್ಮ ಬಕೆಟ್ಟಿನಲ್ಲೂ ನಡೆದದ್ದು ಅದೇ. ಬರೀ ನೀರಲ್ಲಿ ಚೆನ್ನಾಗಿ ಜಾಲಿಸಿ, ಸ್ವಲ್ಪ ನಿಂಬೆರಸ ಹಿಂಡಿ. ಮತ್ತೆ ಹಳದಿಯಾಗುತ್ತದೆ. ಹಸಿ ಇರುವಾಗಲೇ ನಿಮ್ಮ ಕಲಬುರಗಿ ಬಿಸಿಲಿಗೆ ಕಲೆ ಮೇಲೆ ಬರುವಂತೆ ಹರವಿ. ಅರಿಶಿನದ ಬಣ್ಣ ಬಿಸಿಲಿಗೆ ತಡೆಯುವುದಿಲ್ಲ. ಒಣಗಿದಾಗೆಲ್ಲ ನೀರು ಚಿಮುಕಿಸುತ್ತಿರಿ. ಎರಡು ಮೂರು ಬಿಸಿಲಿಗೆ ಮಾಯ. ಬಣ್ಣದ ಬಟ್ಟೆಗೆ ಈ ಉಪಾಯ ಮಾಡಬೇಡಿ, ಬಟ್ಟೆಯ ಬಣ್ಣವೂ ಜೊತೆಗೇ ಹೊರಟುಹೋಗುತ್ತದೆ.

ಮೈಸೂರು ಸಿಲ್ಕ್ ಸೀರೆಯನ್ನು ಪ್ರತಿ ಸಲ ಉಟ್ಟ ಮೇಲೂ ಡ್ರೈವಾಶ್‌ಗೆ ಕೊಡಬೇಕೇ?
— ಓದುಗರು, ಮೈಸೂರು

ಬೇಡ. ನನ್ನಂಥ ಅಂಗಡಿಯವರು ಕೊಡಿ ಕೊಡಿ ಅನ್ನುತ್ತಾರೆ, ನೀವು ಕೊಡಬೇಡಿ. ಮದುವೆಯಿಂದ ಬಂದ ಕೂಡಲೇ ಮಡಚದೆ ನೆರಳಲ್ಲಿ ರಾತ್ರಿಯಿಡೀ ಹರವಿ. ಬೆವರು ಕೂರುವುದು ರವಿಕೆಯಲ್ಲಿ, ಅದನ್ನು ಪ್ರತಿ ಸಲ ಒಗೆಯಿರಿ. ಸೀರೆಗೆ ನಾಲ್ಕೈದು ಸಲ ಉಟ್ಟ ಮೇಲೆ ಡ್ರೈವಾಶ್ ಸಾಕು, ಪಾಯಸ ಬೀಳದಿದ್ದರೆ. ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರಿನಲ್ಲಿ ಬೇಡ. ನುಸಿಗುಳಿಗೆ ಜರಿಗೆ ತಾಗಬಾರದು. ಸೆಂಟನ್ನು ಸೀರೆಯ ಮೇಲೆ ಹೊಡೆಯಬಾರದು, ಜರಿ ಕಪ್ಪಾಗುತ್ತದೆ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಬಿರಿಯುತ್ತದೆ. ಜರಿ ಇಲ್ಲದ ಸಾದಾ ರೇಷ್ಮೆಯನ್ನು ಅಂಟುವಾಳ ಕಾಯಿಯ ನೀರಲ್ಲಿ ಮನೆಯಲ್ಲೇ ಅದ್ದಿ ತೆಗೆಯಬಹುದು. ಹಿಂಡದೆ ಟವೆಲ್ಲಿನಲ್ಲಿ ಸುರುಳಿ ಸುತ್ತಿ ನೀರು ತೆಗೆಯಿರಿ.

ಇಲ್ಲಿನ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಒಗೆಯುವ ಕೋಣೆ. ನಮ್ಮ ಸರದಿ ಎರಡು ವಾರಕ್ಕೊಂದು ದಿನ. ಭಾನುವಾರ ಮೆಷಿನ್ ಹಾಕುವಂತಿಲ್ಲ. ಚಿಕ್ಕ ಮಗು ಇದೆ. ಹುಬ್ಬಳ್ಳಿಯಿಂದ ಅಮ್ಮ ಬಂದವರು ‘ಇದೆಂಥಾ ದೇಶ’ ಅಂತ ಬೇಸರ ಮಾಡಿಕೊಂಡಿದ್ದಾರೆ.
— ಕನ್ನಡಿಗರು, ಜ್ಯೂರಿಕ್

ಸ್ವಿಟ್ಜರ್ಲೆಂಡಿನಲ್ಲಿ ಇದು ಹಳೇ ಕ್ರಮ. ಬಾಡಿಗೆ ಮನೆಗಳಲ್ಲಿ ಸರದಿಯ ಪಟ್ಟಿ ಗೋಡೆಗೆ ಹಚ್ಚಿರುತ್ತಾರೆ ಅಂತ ಅಲ್ಲಿರುವ ನನ್ನ ಗಿರಾಕಿಯೊಬ್ಬರೂ ಹೇಳಿದ್ದರು. ಹದಿನೈದು ದಿನದ ಸರದಿಗೆ ಹದಿನೆಂಟು ಜೊತೆ ಒಳಬಟ್ಟೆ ಇಟ್ಟುಕೊಳ್ಳುವುದೇ ಮೊದಲ ಉಪಾಯ. ಮಗುವಿನ ಬಟ್ಟೆ ಹಗುರ, ಸ್ನಾನದ ಮನೆಯಲ್ಲಿ ದಿನಾ ಕೈಯಲ್ಲಿ ಒಗೆದು ಹೀಟರಿನ ಹತ್ತಿರದ ಸ್ಟ್ಯಾಂಡಿಗೆ ಹಾಕಿ. ಚಳಿ ದೇಶದಲ್ಲಿ ಬೆವರು ಕಡಿಮೆ, ದೊಡ್ಡವರ ಅಂಗಿ ಎರಡು ದಿನ ನಡೆಯುತ್ತದೆ. ಸರದಿಯ ದಿನ ಬೆಡ್‌ಶೀಟು, ಟವೆಲ್ಲುಗಳನ್ನು ಅರವತ್ತು ಡಿಗ್ರಿಯಲ್ಲಿ ಹಾಕಿ. ಧೂಳಿನ ಹುಳಗಳು ಸಾಯುತ್ತವೆ. ನಮ್ಮ ಉಬ್ಬೆಯ ಕೆಲಸವನ್ನು ಆ ಬಟನ್ ಮಾಡುತ್ತದೆ ಅಂತ ಅಮ್ಮನಿಗೆ ಹೇಳಿ. ಜಾಲಿಸಿದ್ದು ಸಾಲದು ಅಂತ ಅವರು ಹೇಳಿಯೇ ಹೇಳುತ್ತಾರೆ. ಇನ್ನೊಂದು ಸಲ ಜಾಲಿಸುವ ಬಟನ್ನೂ ಇರುತ್ತದೆ, ಒತ್ತಿಬಿಡಿ.

ನನಗೆ ರಿಟೈರ್ ಆಗಿದೆ. ಈಗ ದಿನಾ ಬಟ್ಟೆ ಒಗೆಯಲು ಹೆಂಡತಿ ನನಗೆ ಹೇಳುತ್ತಾಳೆ. ಗಂಡಸರು ಬಟ್ಟೆ ಒಗೆಯುವುದು ನಮ್ಮ ಸಂಪ್ರದಾಯದಲ್ಲಿ ಇದೆಯೇ?
— ನಿವೃತ್ತ ಗುಮಾಸ್ತ, ಮಂಡ್ಯ

ನಮ್ಮಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಸೊಂಟದವರೆಗೆ ಹೊಳೆಯಲ್ಲಿ ನಿಂತು ಊರಿನವರ ಬಟ್ಟೆ ಒಗೆದವರೇ. ಹನ್ನೆರಡನೇ ಶತಮಾನದಲ್ಲಿ ಮಡಿವಾಳ ಮಾಚಿದೇವರು ಕಲ್ಯಾಣದಲ್ಲಿ ಶರಣರ ಬಟ್ಟೆ ಒಗೆಯುತ್ತಿದ್ದರು, ವಚನವನ್ನೂ ಬರೆದರು. ನಿಮಗೆ ವಚನ ಬರೆಯುವ ಕಷ್ಟವಿಲ್ಲ. ಬನಿಯನ್ನಿನಿಂದ ಶುರು ಮಾಡಿ.

ಹಿರಿಯರು ಚಳ್ಳಕೆರೆಯಿಂದ ತಂದ ಕರಿ ಕಂಬಳಿ ಇದೆ. ನನಗೆ ನೆನಪಿರುವ ಹಾಗೆ ಅದನ್ನು ಯಾರೂ ಒಗೆದಿಲ್ಲ. ವರ್ಷಕ್ಕೊಮ್ಮೆಯಾದರೂ ಒಗೆಯಬೇಡವೇ?
— ಓದುಗರು, ಶಿರಾ

ಕಲೆ, ವಾಸನೆ ಇಲ್ಲದಿದ್ದರೆ ಒಗೆಯಬೇಡಿ. ಕುರಿ ಉಣ್ಣೆಯಲ್ಲಿ ಅದರದೇ ಎಣ್ಣೆ ಇರುತ್ತದೆ. ಮಳೆ ನೀರು ಜಾರಿಹೋಗುವುದು ಅದರಿಂದಲೇ. ಸೋಪು ಹಾಕಿದರೆ ಆ ಎಣ್ಣೆ ಹೋಗುತ್ತದೆ. ಬಿಸಿನೀರು, ಮೆಷಿನ್ ಎರಡೂ ಸೇರಿದರೆ ಕಂಬಳಿ ಕುಗ್ಗಿ ಕುದುರೆ ತಡಿಯಂತಾಗುತ್ತದೆ. ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ಕೋಲಲ್ಲಿ ಬಡಿಯಿರಿ, ಎರಡೂ ಮಗ್ಗಲು. ನುಸಿ ಬಾರದಂತೆ ಬೇವಿನ ಸೊಪ್ಪು ಒಣಗಿಸಿ ಮಡಿಕೆಯೊಳಗೆ ಇಡಿ. ಒಗೆಯಲೇಬೇಕಾದರೆ ಏಪ್ರಿಲ್ ತಿಂಗಳು ಆರಿಸಿಕೊಳ್ಳಿ. ತಣ್ಣೀರು, ಅಂಟುವಾಳದ ನೊರೆ, ಅರ್ಧ ಗಂಟೆ ನೆನೆಸಿ ಕಾಲಲ್ಲಿ ಮೆಲ್ಲಗೆ ತುಳಿಯುವುದು. ನೀರು ಕುಡಿದ ಕಂಬಳಿ ಒಬ್ಬರಿಂದ ಏಳುವುದಿಲ್ಲ, ಪಕ್ಕದ ಮನೆಯವರನ್ನು ಮೊದಲೇ ಕರೆದಿಟ್ಟುಕೊಳ್ಳಿ. ಹಗ್ಗಕ್ಕೆ ನೇತುಹಾಕಿದರೆ ಜೋತು ಬೀಳುತ್ತದೆ. ಬಂಡೆಯ ಮೇಲೋ, ತಾರಸಿಯ ಮೇಲೋ ಹಾಸಿ ಒಣಗಿಸಿ.